ಬಸವನಹುಳುವಿನ ಗುಳಿಗೆ: ಬದಿಯಡ್ಕದ ತೋಟದಲ್ಲಿ ಒಂದು ಮಳೆಗಾಲ

ಕಳೆದ ಮಳೆಗಾಲದಲ್ಲಿ ಆಫ್ರಿಕಾದ ದೊಡ್ಡ ಬಸವನಹುಳು ನಮ್ಮ ತೋಟದ ಬಾಳೆಕಂದು, ಕಾಳುಮೆಣಸಿನ ಎಳೆ ಬಳ್ಳಿ, ಅಂಗಳದ ತರಕಾರಿ ಯಾವುದನ್ನೂ ಬಿಡದೆ ತಿನ್ನತೊಡಗಿದಾಗ, ಪೇಟೆಯ ಕೃಷಿ ಸಾಮಗ್ರಿ ಅಂಗಡಿಯಿಂದ ಬಸವನಹುಳುವನ್ನು ಕೊಲ್ಲುವ ವಿಷವಾದ ಮೆಟಾಲ್ಡಿಹೈಡ್ ಶೇಕಡಾ 2.5ರಷ್ಟಿರುವ ಗುಳಿಗೆಯ ಪೊಟ್ಟಣವೊಂದನ್ನು ತಂದೆ. ಒಂದು ಮಳೆಗಾಲ ಪೂರ್ತಿ ಅದನ್ನು ಬಳಸಿ ನೋಡಿದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಗುಳಿಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಅದರ ವಾಸನೆಗೆ ಬಂದು ತಿಂದ ಹುಳು ಮೈಯ ಲೋಳೆಯನ್ನೆಲ್ಲ ಹೊರಹಾಕಿ, ನೀರಿನಂಶ ಕಳೆದುಕೊಂಡು, ಬೆಳಗಾಗುವಷ್ಟರಲ್ಲಿ ಅಲ್ಲೇ ಬಿದ್ದಿರುತ್ತದೆ. ಮಳೆ ಬಿಟ್ಟ ಮೊದಲ ರಾತ್ರಿಯ ಮರುದಿನ ಅರ್ಧ ಬಾಲ್ದಿ ಹುಳು ಹೆಕ್ಕಿದ್ದೇವೆ. ಆದರೆ ನಮ್ಮ ಆಷಾಢದ ಮಳೆಗೆ ಗುಳಿಗೆ ನೆನೆದು, ಉಬ್ಬಿ, ಬೂಸ್ಟು ಹಿಡಿಯಿತು. ನೀರು ಕುಡಿದು ಚೇತರಿಸಿಕೊಂಡ ಹುಳುಗಳೂ ಕಂಡವು. ಅಡಿಕೆ ಹಾಳೆಯನ್ನು ಮಗುಚಿ ಹಾಕಿ ಅದರಡಿಯಲ್ಲಿ ನಾಲ್ಕೈದು ಗುಳಿಗೆ ಇಟ್ಟ ಮೇಲೆಯೇ ಅದು ದುಡ್ಡಿಗೆ ತಕ್ಕ ಕೆಲಸ ಕೊಟ್ಟಿತು.

ನನ್ನ ದೊಡ್ಡ ಆಕ್ಷೇಪ ಬೇರೆ. ಈ ಗುಳಿಗೆಯನ್ನು ನಾಯಿ ತಿಂದರೆ ನಡುಕ, ಸೆಳವು ಬಂದು ಸಾಯಬಹುದು; ಹಕ್ಕಿಗಳಿಗೂ ಅದು ವಿಷವೇ. ಬ್ರಿಟನ್ನಿನಲ್ಲಿ 2022ರಿಂದ ಹೊರಾಂಗಣದಲ್ಲಿ ಇದರ ಬಳಕೆ ನಿಷಿದ್ಧ. ನನಗೆ ಸಿಕ್ಕ ಪೊಟ್ಟಣದ ಮೇಲಿನ ಎಚ್ಚರಿಕೆ ಕನ್ನಡದಲ್ಲಿಯೂ ಇರಲಿಲ್ಲ, ಮಲಯಾಳದಲ್ಲಿಯೂ ಇರಲಿಲ್ಲ, ಅಂಗಡಿಯವರೂ ಏನೂ ಹೇಳಲಿಲ್ಲ. ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ, ಅದರ ಫಲವಾದ ಕಾಯಿಲೆಗಳನ್ನು ಎಣ್ಮಕಜೆ ಗ್ರಾಮದ ಮನೆಮನೆಗಳಲ್ಲಿ ಇಂದಿಗೂ ಕಾಣುತ್ತಿರುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವಿಷವನ್ನು ಹೀಗೆ ಮಾತಿಲ್ಲದೆ ಮಾರುವುದು ಸರಿಯಲ್ಲ.

ಬಸವನಹುಳುವನ್ನೇ ತಿಂದು ಬದುಕುವ ಹಾವುಗಳ ಬಗ್ಗೆ ಈ ದಿನಗಳಲ್ಲಿಯೇ ಓದಿದೆ, ಓದಿದಷ್ಟೂ ಗುಳಿಗೆಯ ಒರಟುತನ ಎದ್ದು ಕಂಡಿತು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಡಿಪ್ಸಾಸ್, ಸಿಬಾನ್ ಎಂಬ ಕುಲದವು, ಆಗ್ನೇಯ ಏಷ್ಯಾದಲ್ಲಿ ಮತ್ತು ನಮ್ಮ ಈಶಾನ್ಯ ರಾಜ್ಯಗಳಲ್ಲಿ ಪೇರಿಯಾಸ್ ಕುಲದವು ಇವೆ. ದಾರದಂತೆ ಸಪುರವಾದ, ದೊಡ್ಡ ಕಣ್ಣಿನ, ಮನುಷ್ಯರಿಗೆ ಅಪಾಯವಿಲ್ಲದ ಈ ಹಾವುಗಳು ರಾತ್ರಿ ಗಿಡಗಳ ಮೇಲೆ ಸಂಚರಿಸಿ, ಕೆಳದವಡೆಯ ಎಡಬಲ ಭಾಗಗಳನ್ನು ಒಂದಾದ ಮೇಲೊಂದರಂತೆ ಚಿಪ್ಪಿನೊಳಗೆ ತೂರಿಸಿ, ಮೆತ್ತನೆಯ ಮೈಯನ್ನು ಎಳೆದು ತಿಂದು ಚಿಪ್ಪನ್ನು ಅಲ್ಲೇ ಬಿಡುತ್ತವೆ. ಚಿಪ್ಪಿಲ್ಲದ ಸಿಂಬಳದ ಹುಳುವನ್ನಾದರೆ ಇಡಿಯಾಗಿ ನುಂಗುತ್ತವೆ. ಹೆಚ್ಚಿನ ಬಸವನಹುಳುಗಳ ಚಿಪ್ಪು ಬಲಕ್ಕೆ ಸುತ್ತಿರುವುದರಿಂದ, ಜಪಾನಿನ ದಕ್ಷಿಣ ದ್ವೀಪಗಳಲ್ಲಿರುವ ಪೇರಿಯಾಸ್ ಇವಾಸಾಕಿಯ ಬಲದವಡೆಯಲ್ಲಿ ಸರಾಸರಿ 25ರಷ್ಟು, ಎಡದವಡೆಯಲ್ಲಿ 18ರಷ್ಟು ಹಲ್ಲುಗಳಿವೆ ಎಂದು 2007ರಲ್ಲಿ ಪ್ರಕಟವಾಯಿತು. ತನ್ನ ಆಹಾರಕ್ಕೆಂದೇ ದವಡೆ ಇಷ್ಟು ನಿಖರವಾಗಿ ರೂಪುಗೊಂಡ ಪ್ರಾಣಿಯನ್ನು ನೆನೆದರೆ, ಎದುರು ಸಿಕ್ಕವರನ್ನೆಲ್ಲ ಕೊಲ್ಲುವ ಗುಳಿಗೆಯ ಮೇಲೆ ಗೌರವ ಉಳಿಯುವುದಿಲ್ಲ.

ಅಂಥ ಹಾವು ನಮ್ಮ ಕಡೆ ಇಲ್ಲ. ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿರುವ ಅದರ ಬಂಧು ಝೈಲೋಫಿಸ್ ಮಣ್ಣಿನೊಳಗಿದ್ದು ಎರೆಹುಳು ತಿನ್ನುತ್ತದೆ. ಹೊರಗಿನಿಂದ ಜೀವಿಯನ್ನು ತಂದು ಬಿಡುವ ಯೋಚನೆಯಂತೂ ಕೂಡದು. ಈ ಬಸವನಹುಳುವೂ 1847ರಲ್ಲಿ ಒಬ್ಬರು ಕೋಲ್ಕತ್ತದ ತೋಟದಲ್ಲಿ ಬಿಟ್ಟದ್ದರಿಂದಲೇ ಭಾರತಕ್ಕೆ ಬಂದದ್ದು. ನಮ್ಮಲ್ಲಿ ಇದನ್ನು ತಿನ್ನುವುದು ಕೆಂಬೂತ. ವಿಷ ತಿಂದ ಹುಳು ಅದರ ಬಾಯಿಗೆ ಹೋಗಬಾರದೆಂದು ಅಡಿಕೆ ತೋಟದೊಳಗೆ ಗುಳಿಗೆ ಹಾಕುವುದನ್ನು ನಿಲ್ಲಿಸಿದ್ದೇನೆ. ಅಲ್ಲಿ ಸಂಜೆ ಒದ್ದೆ ಗೋಣಿಯಡಿ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಕೈಗವಸು ತೊಟ್ಟು ಹುಳು ಹೆಕ್ಕುತ್ತೇವೆ. ಮಿದುಳುಪೊರೆಯ ಉರಿಯೂತ ತರುವ ಪರೋಪಜೀವಿ ಈ ಹುಳುವಿನಲ್ಲಿರಬಹುದಾದ್ದರಿಂದ ಬರಿಗೈ ಸಲ್ಲದು.

ಈ ವರ್ಷ ಒಂದೇ ಪೊಟ್ಟಣ ತಂದಿದ್ದೇನೆ. ಬೇಲಿಯಿರುವ ತರಕಾರಿ ಸಾಲಿನಲ್ಲಿ, ಹಾಳೆಯಡಿಯಲ್ಲಿ, ನಾಯಿಯನ್ನು ಕಟ್ಟಿದ ರಾತ್ರಿಗಳಲ್ಲಿ ಮಾತ್ರ ಅದರ ಬಳಕೆ. ಬೆಳಿಗ್ಗೆ ಸತ್ತ ಹುಳುಗಳನ್ನೂ ಉಳಿದ ಗುಳಿಗೆಗಳನ್ನೂ ತೆಗೆದುಬಿಡುತ್ತೇವೆ.