ಎಚ್‌ಐವಿ ಇದೆ ಅಂತ ಹಲ್ಲು ಕೀಳಿಸೋಕೆ ಒಪ್ಪಬೇಡಿ

ಎಚ್‌ಐವಿ ಇರುವವರು ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಹೋಗುವ ಮುಂಚೆ ದಯವಿಟ್ಟು ಇದನ್ನು ಓದಿ.

ನನ್ನ ದವಡೆ ಹಲ್ಲು ಹುಳುಕಾಗಿತ್ತು. ಎಕ್ಸ್‌ರೇ ನೋಡಿದ ವಿದ್ಯಾರ್ಥಿನಿ, 'ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತೆ' ಅಂದರು. ಫಾರಂನಲ್ಲಿ ನಾನೇ ಬರೆದಿದ್ದ ಎಚ್‌ಐವಿ ವಿಷಯ ಆಕೆಗೆ ಆಗಲೇ ಗೊತ್ತಿತ್ತು. ನಗುನಗುತ್ತಲೇ ಮಾತಾಡುತ್ತಿದ್ದರು. ಅಷ್ಟರಲ್ಲಿ ಪ್ರೊಫೆಸರ್ ಬಂದು ಫೈಲ್ ತಿರುವಿದರು. ನನ್ನ ಬಾಯಿ ನೋಡಲೇ ಇಲ್ಲ. ದೂರದಲ್ಲೇ ನಿಂತು, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, 'ಪಾಸಿಟಿವ್ ಕೇಸ್ ಇದು. ರೂಟ್ ಕೆನಾಲ್ ಎಲ್ಲ ಬೇಡ, ಕಿತ್ತು ಕಳಿಸಿ. ಅದೂ ಎಲ್ಲರದ್ದೂ ಮುಗಿದ ಮೇಲೆ' ಅಂದರು. ಫೈಲ್ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆಸಿದರು. ಪಕ್ಕದ ಕುರ್ಚಿಯಲ್ಲಿದ್ದವರು ತಿರುಗಿ ನೋಡಿದರು. ಆ ಹುಡುಗಿ ಗ್ಲೌಸ್ ಮೇಲೆ ಇನ್ನೊಂದು ಗ್ಲೌಸ್ ಎಳೆದುಕೊಂಡರು. ಮತ್ತೆ ನನ್ನ ಮುಖ ನೋಡಲಿಲ್ಲ.

ನನಗೆ ಜಾಸ್ತಿ ನೋವಾಗಿದ್ದು ಇದಕ್ಕೇ. ಆಕೆಗೆ ಇಲ್ಲದ ಭಯವನ್ನು ಕಲಿಸಿದ್ದು ಮೇಷ್ಟ್ರು. ಅಲ್ಲಿದ್ದ ಉಳಿದ ವಿದ್ಯಾರ್ಥಿಗಳೂ ಅದನ್ನೇ ಕಲಿತರು, ಅಲ್ವಾ?

ಯಾರಿಗೆ ಯಾವ ಸೋಂಕಿದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಗ್ಲೌಸ್, ಮಾಸ್ಕ್, ಆಟೋಕ್ಲೇವ್ (ಉಪಕರಣಗಳನ್ನು ಬಿಸಿ ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಯಂತ್ರ) ಎಲ್ಲ ರೋಗಿಗಳಿಗೂ ಒಂದೇ ಥರ ಇರಬೇಕು. ಹಾಗಿದ್ದರೆ ನನ್ನನ್ನು ಕೊನೆಗೆ ತಳ್ಳುವ ಅಗತ್ಯವೇ ಇಲ್ಲ. ಎಂಜಲಿನಿಂದ ಎಚ್‌ಐವಿ ಹರಡುವುದಿಲ್ಲ. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದರೂ ಅಪಾಯ ಸುಮಾರು 0.3%. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅಪಾಯ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸೂಜಿ ಚುಚ್ಚಿದರೆ ಎಚ್‌ಐವಿ ತಗುಲದಂತೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗುವ ಮಾತ್ರೆಯೂ ಇದೆ. ಇದೆಲ್ಲ ಪಾಠ ಮಾಡುವವರಿಗೆ ಗೊತ್ತಿರಲೇಬೇಕು.

ವಿಷಯ ಮುಚ್ಚಿಡಿ ಅಂತ ನಾನು ಹೇಳುವುದಿಲ್ಲ. ನಾವು ತೆಗೆದುಕೊಳ್ಳುವ ಮಾತ್ರೆಗಳಿಗೂ ಅವರು ಕೊಡುವ ಔಷಧಿಗೂ ಕೆಲವು ಸಲ ಹೊಂದುವುದಿಲ್ಲ. ಬಾಯಲ್ಲಿ ಬಿಳಿ ಮಚ್ಚೆಯಂಥದ್ದು ಕಂಡರೆ ಅದಕ್ಕೂ ಗಮನ ಕೊಡಬೇಕಾಗುತ್ತದೆ. ಆದರೆ ಒಬ್ಬರ ಹತ್ತಿರ, ಪ್ರತ್ಯೇಕವಾಗಿ ಹೇಳಿ. ಕೀಳಬೇಕು ಅಂದರೆ, 'ಕಾರಣ ಹಲ್ಲಾ, ಎಚ್‌ಐವಿನಾ?' ಅಂತ ನೇರವಾಗಿ ಕೇಳಿ. ಬರೆದು ಕೊಡಿ ಅನ್ನಿ. ಉತ್ತರ ಸಿಗುವವರೆಗೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಸುಮ್ನೆ ತಲೆಯಾಡಿಸಿದರೆ ಹಲ್ಲು ಹೋಗುತ್ತದೆ.

ನಾನು ಎಕ್ಸ್‌ರೇ ಇಸ್ಕೊಂಡು ಎದ್ದು ಬಂದೆ. ಬೇರೆ ಕಡೆ ರೂಟ್ ಕೆನಾಲ್ ಆಯಿತು, ಹಲ್ಲು ಉಳಿಯಿತು. ಕಾಲೇಜಿಗೆ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಪರಿಹಾರ ಕೇಳಿಲ್ಲ. ಅವತ್ತು ಅಲ್ಲಿದ್ದ ವಿದ್ಯಾರ್ಥಿಗಳನ್ನೇ ಕರೆದು, ನಡೆದದ್ದು ತಪ್ಪು ಅಂತ ಅದೇ ಪ್ರೊಫೆಸರ್ ಹೇಳಬೇಕು ಅಂತ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.