ಮುಂಬೈನಲ್ಲಿ ಲಸಾನ್ಯ: ನಾಲ್ಕು ಕಡೆ ತಿಂದು, ಮನೆಯಲ್ಲಿ ಸುಟ್ಟು

ಮೊದಲೇ ಹೇಳಿಬಿಡುತ್ತೇನೆ, ನನ್ನ ನಾಲಿಗೆ ಕೆಟ್ಟಿದ್ದು ಇಟಲಿಯ ಬೊಲೊನ್ಯಾದಲ್ಲಿ. 2019ರಲ್ಲಿ ಕಂಪನಿಯವರು ಮೂರು ತಿಂಗಳ ತರಬೇತಿಗೆ ಅಲ್ಲಿಗೆ ಕಳಿಸಿದ್ದರು. ಟೀ ಬ್ಯಾಗು, ಮಾತ್ರೆ, ಬಿಸ್ಕಿಟ್ ಪ್ಯಾಕ್ ಮಾಡುವ ಮೆಷಿನ್‌ಗಳ ರಿಪೇರಿ ನನ್ನ ಕೆಲಸ. ಆ ಮೆಷಿನ್ ಮಾಡುವ ಕಾರ್ಖಾನೆಗಳು ಬೊಲೊನ್ಯಾ ಸುತ್ತ ಸಾಲುಸಾಲಾಗಿವೆ. ಕುಮಟಾದಲ್ಲಿ ಬಂಗುಡೆ ತಿಂದು ಬೆಳೆದ ನನಗೆ ಅಲ್ಲಿಯವರೆಗೆ ಚೀಸ್ ಅಂದರೆ ಅಮುಲ್ ಕ್ಯೂಬ್, ಅಷ್ಟೇ. ಲಸಾನ್ಯ ಅಂದರೆ ಪಾಸ್ತಾ ಹಾಳೆ, ಖೀಮಾ, ಸಾಸು ಪದರ ಪದರವಾಗಿ ಇಟ್ಟು ಓವನ್ನಿನಲ್ಲಿ ಬೇಯಿಸುವುದು. ಮೂರು ತಿಂಗಳಲ್ಲಿ ಹನ್ನೊಂದು ಸಲ ಅದನ್ನು ತಿಂದೆ. ಲೆಕ್ಕ ಇದೆ, ಬಿಲ್ ಎಲ್ಲ ಆಫೀಸಿಗೆ ಕೊಡಬೇಕಿತ್ತಲ್ಲ.

ವಾಪಸ್ ಬಂದ ಮೇಲೆ ಶುರುವಾಯಿತು ಒದ್ದಾಟ. ನಮ್ಮ ರೂಮು ಮುಂಬೈನ ಮಾಟುಂಗಾದಲ್ಲಿ. ಮೆಟ್ಟಿಲಿಳಿದರೆ ಇಡ್ಲಿ, ದೋಸೆ, ಬಾಳೆಎಲೆ ಊಟ, ಮಾರ್ಕೆಟ್ಟಿನಲ್ಲಿ ಮಂಗಳೂರು ಸೌತೆ, ಕೆಸುವಿನ ಎಲೆ ಎಲ್ಲ ಸಿಗುತ್ತದೆ. ಊರಿನ ಊಟಕ್ಕೆ ಬರವೇ ಇಲ್ಲ. ಇಂಥ ಜಾಗದಲ್ಲಿ ಕೂತು ಬೇರೆ ಯಾರದೋ ಊರಿನ ಊಟ ನೆನೆಸಿಕೊಂಡು ಕೊರಗುವುದು ಸ್ವಲ್ಪ ನಾಚಿಕೆಯ ವಿಷಯವೇ, ಆದರೆ ಏನು ಮಾಡೋದು.

ಬೊಲೊನ್ಯಾದವರು ಊಟದಲ್ಲಿ ಮಹಾ ಹಠಮಾರಿಗಳು. ಟಾಲ್ಯಟೆಲ್ಲೆ ಅನ್ನುವ ಪಟ್ಟಿಯಂಥ ಪಾಸ್ತಾ ಬೆಂದ ಮೇಲೆ 8 ಮಿಲಿಮೀಟರ್ ಅಗಲ ಇರಬೇಕು ಅಂತ 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿದ್ದಾರೆ. ರಾಗು ಅಂದರೆ ಅವರ ಖೀಮಾ, ಅದರ ರೆಸಿಪಿಯನ್ನೂ 1982ರಲ್ಲಿ ಅದೇ ಮಂಡಳಿಗೆ ಒಪ್ಪಿಸಿದ್ದಾರೆ. ಅವರ ಲಸಾನ್ಯದಲ್ಲಿ ಇರುವುದು ನಾಲ್ಕೇ. ಮೊಟ್ಟೆ, ಪಾಲಕ್ ಹಾಕಿ ನಾದಿದ ಹಸಿರು ಹಾಳೆ, ರಾಗು, ಹಾಲು-ಬೆಣ್ಣೆ-ಹಿಟ್ಟಿನ ಬಿಳಿ ಸಾಸ್ ಬೆಶಮೆಲ್, ಆಮೇಲೆ ಪಾರ್ಮಿಜಾನೊ ಚೀಸಿನ ತುರಿ. ಪಿಜ್ಜಾ ಮೇಲೆ ಹಾಕುವ ಮೊಝರೆಲ್ಲಾ ಚೀಸ್ ಇಲ್ಲ, ಕೆಂಪು ಸಾಸಿನ ಹೊಳೆಯೂ ಇಲ್ಲ. ನೇಪಲ್ಸ್ ಕಡೆ ಕಾರ್ನಿವಲ್ಲಿಗೆ ಮಾಡುವ ಲಸಾನ್ಯಕ್ಕೆ ರಿಕೋಟಾ ಅನ್ನುವ ಮೆತ್ತನೆ ಚೀಸ್, ಮೊಝರೆಲ್ಲಾ, ಪುಟ್ಟ ಮಾಂಸದ ಉಂಡೆ, ಬೇಯಿಸಿದ ಮೊಟ್ಟೆ ಎಲ್ಲ ಬೀಳುತ್ತದೆ. ಅದು ಬೇರೆ ಮನೆತನ, ನಾನು ಅದರ ಬಗ್ಗೆ ಮಾತಾಡುತ್ತಿಲ್ಲ.

ಊರಿಗೆ ಹೋದಾಗ ಅಮ್ಮ ಕೇಳಿದಳು, ಏನದು ಅಂತ. ಪತ್ರೊಡೆ ಇದ್ದ ಹಾಗೆ ಅಂದೆ. ಸುಮ್ನೆ ಬಾಯಿಗೆ ಬಂದದ್ದು, ಆದರೆ ಲಸಾನ್ಯ ಹುಡುಕಿಕೊಂಡು ಅಲೆದ ಈ ಆರು ತಿಂಗಳ ತಿನ್ನಾಟದಲ್ಲಿ ನನಗೆ ಅಳತೆಗೋಲು ಆಗಿದ್ದು ಅದೇ. ಪತ್ರೊಡೆಯಲ್ಲಿ ಎಲೆ ತಾನೇ ಮುಖ್ಯ? ಹಿಟ್ಟು ದಪ್ಪ ಬಳಿದರೆ ಅದು ಎಲೆ ಸುತ್ತಿದ ಕಡುಬು. ಮತ್ತೆ ಪತ್ರೊಡೆಯನ್ನು ಹಬೆಯಿಂದ ತೆಗೆದ ಕೂಡಲೇ ಕೊಯ್ದರೆ ಬಿಚ್ಚಿಕೊಳ್ಳುತ್ತದೆ. ತಣಿಯಬೇಕು. ಲಸಾನ್ಯದ ಕತೆಯೂ ಇಷ್ಟೇ: ಹಾಳೆ ತೆಳ್ಳಗಿರಬೇಕು, ತಣಿಯಲು ಬಿಡಬೇಕು. ಚೀಸು ಆಮೇಲಿನ ಮಾತು.

ಮೊದಲು ಬಾಂದ್ರಾ. ಪಾಲಿ ನಾಕಾ ಹತ್ತಿರ ಒಂದು ಇಟಾಲಿಯನ್ ರೆಸ್ಟೋರೆಂಟ್, ಮಂದ ದೀಪ, ನೀರಿಗೂ ದುಡ್ಡು. ಟ್ಯಾಕ್ಸ್ ಸೇರಿ 1,150 ರೂಪಾಯಿ. ಮಹಾರಾಷ್ಟ್ರದಲ್ಲಿ ದನದ ಜೊತೆಗೆ ಎತ್ತು, ಹೋರಿಗಳ ಹತ್ಯೆಗೂ 2015ರಿಂದ ನಿಷೇಧ ಇರುವುದರಿಂದ ಇಲ್ಲಿ ರಾಗುವಿಗೆ ಕುರಿ, ಕೋಳಿ ಇಲ್ಲಾ ಎಮ್ಮೆ ಮಾಂಸ. ಇವರದು ಕುರಿ. ಕುರಿಮಾಂಸಕ್ಕೆ ಅದರದೇ ವಾಸನೆ ಇರುತ್ತದಲ್ಲ, ಅದನ್ನು ವೈನ್ ಹಾಕಿ, ನಿಧಾನಕ್ಕೆ ಬೇಯಿಸಿ ಚೆನ್ನಾಗಿ ಪಳಗಿಸಿದ್ದರು. ಹಾಳೆ ಅಲ್ಲೇ ಲಟ್ಟಿಸಿದ್ದು, ನೀರು ದೋಸೆಯಷ್ಟು ತೆಳು, ಎಣಿಸಿದರೆ ಆರು ಪದರ. ಇಷ್ಟೆಲ್ಲ ಸರಿ ಮಾಡಿದವರು ಕೊನೆಗೆ ಏನು ಮಾಡಿದರು ಅಂದರೆ, ಒಂದು ಕಬ್ಬಿಣದ ಬಟ್ಟಲಲ್ಲಿ ಇಟ್ಟು, ಮೇಲೆ ಮೊಝರೆಲ್ಲಾ ಕಂಬಳಿ ಹೊದಿಸಿ, ಕುದಿಕುದಿಯುವಾಗಲೇ ತಂದು ಮುಂದಿಟ್ಟರು. ಚಮಚ ಹಾಕಿದರೆ ಎಲ್ಲ ಜಾರಿ ಒಂದಾಯಿತು. ಬಾಯಿಯೂ ಸುಟ್ಟಿತು. ಎರಡನೇ ಸಲ ಹೋದಾಗ ಬುದ್ಧಿ ಬಂದಿತ್ತು, ಹದಿನೈದು ನಿಮಿಷ ಮುಟ್ಟದೆ ಕೂತೆ. ವೇಟರ್ ಮೂರು ಸಲ ಬಂದು 'ಸರ್, ಏನಾದರೂ ತೊಂದರೆನಾ' ಅಂತ ಹಿಂದಿಯಲ್ಲಿ ಕೇಳಿದ. ತೊಂದರೆ ಇಲ್ಲಪ್ಪ, ಪತ್ರೊಡೆ ತಣಿಯುತ್ತಿದೆ ಅಂತ ಅವನಿಗೆ ಹೇಗೆ ಹೇಳೋದು. ಆ ಕಂಬಳಿಯನ್ನು ಪಕ್ಕಕ್ಕೆ ಸರಿಸಿ ತಿಂದೆ ನೋಡಿ, ಹಾಳೆಯ ವಿಷಯದಲ್ಲಿ ಮುಂಬೈನಲ್ಲಿ ನಾನು ತಿಂದವುಗಳಲ್ಲಿ ಅದೇ ಮೊದಲು. ಆದರೆ ಒಬ್ಬನಿಗೇ ಸಾಲದಷ್ಟು ಕಮ್ಮಿ. ಆ ದಿನ ರಾತ್ರಿ ರೂಮಿಗೆ ಬಂದು ಮೊಸರನ್ನ ತಿಂದು ಮಲಗಿದೆ.

ನನ್ನ ರೂಮ್‌ಮೇಟು ಶಿರಸಿಯವನು, ಪಕ್ಕಾ ಸಸ್ಯಾಹಾರಿ. ಮೊಟ್ಟೆಯೂ ಇಲ್ಲ. ಅವನನ್ನು ಬಿಟ್ಟು ಒಬ್ಬನೇ ತಿನ್ನುತ್ತಿದ್ದೇನೆ ಅಂತ ಅವನಿಗೆ ಸಿಟ್ಟು. ಹಾಗಾಗಿ ಘಾಟ್ಕೋಪರಿಗೆ ಹೋದೆವು. ಅಲ್ಲಿ ಶುದ್ಧ ಸಸ್ಯಾಹಾರಿ ಪಿಜ್ಜಾ-ಪಾಸ್ತಾ ಅಂಗಡಿಗಳಿಗೆ ಲೆಕ್ಕವಿಲ್ಲ, ಮೆನುವಿನ ಪ್ರತಿ ಸಾಲಿನ ಮುಂದೆ 'ಜೈನ್ ಸಿಗುತ್ತದೆ' ಅಂತ ಬರೆದಿರುತ್ತದೆ. ಲಸಾನ್ಯವನ್ನು 'ಲಸಾಗ್ನಾ' ಅಂತ ಗಟ್ಟಿಯಾಗಿ ಕೂಗಿ ಆರ್ಡರ್ ಒಳಗೆ ಹೋಯಿತು. 360 ರೂಪಾಯಿ. ಜೈನ್ ಅಂದರೆ ಈರುಳ್ಳಿ, ಬೆಳ್ಳುಳ್ಳಿ, ಗಜ್ಜರಿ, ಆಲೂಗಡ್ಡೆ ಯಾವುದೂ ಇಲ್ಲ. ಇಟಲಿಯವರು ರಾಗುವಿಗೆ ಮೊದಲು ಎಣ್ಣೆಯಲ್ಲಿ ಬಾಡಿಸುವುದೇ ಈರುಳ್ಳಿ, ಗಜ್ಜರಿ, ಸೆಲೆರಿ. ಅಂದರೆ ಮೂರರಲ್ಲಿ ಎರಡು ಔಟ್! ಅದರ ಬದಲಿಗೆ ಇವರು ಬಾಳೆಕಾಯಿ ಹಾಕಿದ್ದರು, ಜೊತೆಗೆ ಸ್ವೀಟ್ ಕಾರ್ನ್, ದೊಣ್ಣೆಮೆಣಸು, ಸಕ್ಕರೆ ಜಾಸ್ತಿಯಾದ ಟೊಮೆಟೊ ಸಾಸ್. ಹಾಳೆ ಮೂರೇ, ಅದೂ ದಪ್ಪ. ನನಗೆ ಗೊಜ್ಜಿನಲ್ಲಿ ನೆನೆದ ಚಪಾತಿ ತಿಂದ ಹಾಗೆ ಆಯಿತು. ಶಿರಸಿಯವನು ಮಾತ್ರ ತಟ್ಟೆ ಕೆರೆದು ತಿಂದ. 'ಬಾಳೆಕಾಯಿ ಪಲ್ಯಕ್ಕೆ ಚೀಸ್ ಹಾಕಿದರೆ ಇಷ್ಟು ಚೆನ್ನಾಗಿರುತ್ತದೆ ಅಂತ ಗೊತ್ತಿರಲಿಲ್ಲ' ಅಂದ. ಅವನು ಹೇಳಿದ್ದು ಸುಳ್ಳಲ್ಲ. ಅದು ಒಳ್ಳೆಯ ತಿಂಡಿ, ಲಸಾನ್ಯ ಅನ್ನುವ ಹೆಸರು ಇಟ್ಟುಕೊಂಡಿದ್ದೇ ಅದರ ತಪ್ಪು.

ಇಲ್ಲಿ ಸಸ್ಯಾಹಾರಿಗಳಿಗೆ ಒಂದು ಮಾತು. ನಿಜವಾದ ಪಾರ್ಮಿಜಾನೊ ಮಾಡಲು ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಹಾಗಾಗಿ 'ವೆಜ್ ಲಸಾನ್ಯ, ಮೇಲೆ ಇಟಲಿಯ ಪಾರ್ಮಿಜಾನೊ' ಅಂತ ಯಾರಾದರೂ ಹೆಮ್ಮೆಯಿಂದ ಬರೆದಿದ್ದರೆ ಸ್ವಲ್ಪ ಯೋಚಿಸಿ. ಪ್ಯಾಕೆಟ್ ಹಾಳೆ ಕೊಳ್ಳುವಾಗಲೂ ನೋಡಿಕೊಳ್ಳಿ. ಕೆಲವದರಲ್ಲಿ ಮೊಟ್ಟೆ ಇರುತ್ತದೆ, ಹಸಿರು ಚುಕ್ಕಿಯ ಬದಲು ಕಂದು ತ್ರಿಕೋನ ಇರುತ್ತದೆ.

ಮಾಲ್‌ನಲ್ಲಿ ಫ್ರೋಜನ್ ಒಂದು ಸಿಕ್ಕಿತು. ಮೈಕ್ರೋವೇವಿನಲ್ಲಿ ಅಂಚು ಬೆಂಕಿ, ನಡುವೆ ಐಸು. ಅದರ ಬಗ್ಗೆ ಇಷ್ಟು ಸಾಕು.

ಗೋವಾದ್ದನ್ನು ಹೋಲಿಕೆಯಲ್ಲಿ ಸೇರಿಸುವುದು ಸರಿಯೋ ಅಲ್ಲವೋ ಗೊತ್ತಿಲ್ಲ. ದೀಪಾವಳಿಗೆ ಊರಿಗೆ ಹೋಗುವಾಗ ಕೊಂಕಣ ರೈಲಿನಲ್ಲಿ ಥಿವಿಂಗೆ ಇಳಿದು, ಅಸಗಾಂವ್‌ನಲ್ಲಿ ಒಂದು ರಾತ್ರಿ ಉಳಿದೆ. ಮನೆಯವರಿಗೆ ಟಿಕೆಟ್ ಸಿಗಲಿಲ್ಲ ಅಂತ ಸುಳ್ಳು ಹೇಳಿದ್ದೆ. ಹಂಚಿನ ಹಳೇ ಮನೆ, ಅಂಗಳದಲ್ಲಿ ಮೇಜು, ಅಡುಗೆಯವನು ಇಟಲಿಯವನು. ದನದ್ದು, ಹಂದಿಯದು ಎರಡೂ ಸೇರಿದ ರಾಗು, ಬೊಲೊನ್ಯಾದಲ್ಲಿ ಮಾಡುವ ಹಾಗೆಯೇ. ಹಾಳೆ ಹಸಿರು! ಆರು ತಿಂಗಳಲ್ಲಿ ಹಸಿರು ಹಾಳೆ ಕಂಡಿದ್ದು ಅಲ್ಲೊಂದೇ ಕಡೆ. ತಟ್ಟೆಗೆ ಬಂದಾಗ ಚೌಕಾಕಾರವಾಗಿ ನಿಂತಿತ್ತು, ಅಂಚು ಮಾತ್ರ ಗರಿಗರಿ. ನಾನು ಮಾತಾಡಲಿಲ್ಲ, ಸುಮ್ನೆ ತಿಂದೆ. 750 ರೂಪಾಯಿ. ರುಚಿಗೆ ಮಾತ್ರ ಅಂಕ ಕೊಡುವುದಾದರೆ ಇದೇ ಗೆದ್ದಿತು, ಇಲ್ಲಿಗೆ ಮುಗಿಸಬಹುದು. ಆದರೆ ಮಾಟುಂಗಾದವನಿಗೆ ಬುಧವಾರ ರಾತ್ರಿ ಆಸೆಯಾದರೆ ರೈಲು ಹತ್ತಲು ಆಗುತ್ತದಾ?

ಹಾಗಾಗಿ ಮನೆಯಲ್ಲೇ ಮಾಡೋಣ ಅಂತ 28 ಲೀಟರಿನ ಓಟಿಜಿ, ಅಂದರೆ ಸಣ್ಣ ಕರೆಂಟ್ ಓವನ್, ತಂದೆ. ಇಲ್ಲಿ ನನ್ನ ದಡ್ಡತನ ಸ್ವಲ್ಪ ವಿವರವಾಗಿಯೇ ಹೇಳಬೇಕು, ಬೇರೆಯವರಿಗಾದರೂ ಉಪಯೋಗ ಆಗಲಿ. ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಲ್ಲಿ ಮಾಡುತ್ತಾರೆ ಅಂತ ಓದಿದ್ದೆ. ಡ್ಯೂರಮ್ ಅಂದರೆ ನಮ್ಮ ಬನ್ಸಿ ರವೆಯ ಗೋಧಿಯೇ! ಉಪ್ಪಿಟ್ಟಿನ ರವೆಯಲ್ಲಿ ಲಸಾನ್ಯ, ಆಹಾ, ಅಂತ ಮಾಟುಂಗಾ ಅಂಗಡಿಯಿಂದ ಒಂದು ಕಿಲೋ ತಂದು, ಮಿಕ್ಸಿಯಲ್ಲಿ ಪುಡಿ ಮಾಡಿ, ಮೊಟ್ಟೆ ಒಡೆದು ನಾದಿದೆ. ಲಟ್ಟಿಸಿದರೆ ಹರಿಯುತ್ತದೆ, ಬೇಯಿಸಿದರೆ ಮರಳು ಮರಳು. ಆಮೇಲೆ ಗೊತ್ತಾಯಿತು, ಬೊಲೊನ್ಯಾದವರು ಮನೆಯಲ್ಲಿ ಮೊಟ್ಟೆ ಹಾಕಿ ಹಾಳೆ ಮಾಡುವಾಗ ಬಳಸುವುದು ಮೃದು ಗೋಧಿಯ ನುಣ್ಣನೆ ಹಿಟ್ಟು. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ಅಷ್ಟೇ. ನಮ್ಮ ಮೈದಾದಲ್ಲೇ ಆಗುತ್ತದೆ. ಉಳಿದ ಬನ್ಸಿ ರವೆಯಲ್ಲಿ ಶಿರಸಿಯವನು ಒಂದು ವಾರ ಉಪ್ಪಿಟ್ಟು ಮಾಡಿದ, ಪ್ರತಿ ದಿನ ಬಡಿಸುವಾಗ 'ಲಸಾನ್ಯ ರೆಡಿ' ಅನ್ನುತ್ತಿದ್ದ.

ಎರಡನೇ ಸಲ ಹಾಳೆ ಪರವಾಗಿಲ್ಲ, ಚಪಾತಿ ಲಟ್ಟಣಿಗೆಯಲ್ಲಿ ಎಷ್ಟು ತೆಳು ಆಗುತ್ತದೋ ಅಷ್ಟು. ಖೀಮಾ ಮೂರು ತಾಸು ಸಣ್ಣ ಉರಿಯಲ್ಲಿ, ಕೊನೆಗೆ ಸ್ವಲ್ಪ ಹಾಲು. ಬೆಶಮೆಲ್‌ಗೆ ಒಂದು ಲೀಟರ್ ಹಾಲಿಗೆ ಬೆಣ್ಣೆ, ಮೈದಾ ತಲಾ 80 ಗ್ರಾಂ. ಬೆಣ್ಣೆಯಲ್ಲಿ ಮೈದಾದ ಹಸಿವಾಸನೆ ಹೋಗುವವರೆಗೆ ಹುರಿದು, ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿರುವಬೇಕು. ಗಂಟಾಗದಂತೆ ರಾಗಿ ಅಂಬಲಿ ತಿರುವಿ ಗೊತ್ತಿದ್ದವರಿಗೆ ಇದು ಕಷ್ಟವೇ ಅಲ್ಲ. ಮೇಲೆ ತುರಿದ ಜಾಯಿಕಾಯಿ, ಅದು ನಮ್ಮ ಮನೆಯ ತೋಟದ್ದು. ಈ ಒಂದು ವಿಷಯದಲ್ಲಿ ಬೊಲೊನ್ಯಾಕ್ಕಿಂತ ನಾನೇ ಮುಂದೆ ಅನ್ನಿಸಿತು. 180 ಡಿಗ್ರಿಯಲ್ಲಿ 35 ನಿಮಿಷ ಅಂತ ಇಟ್ಟು ಊರಿಗೆ ಫೋನ್ ಹಚ್ಚಿದೆ. ಸಣ್ಣ ಓಟಿಜಿಯಲ್ಲಿ ಮೇಲಿನ ರಾಡು ಟ್ರೇಗೆ ನಾಲ್ಕು ಬೆರಳು ದೂರದಲ್ಲಿರುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಮೇಲಿನ ಹಾಳೆ ಇದ್ದಿಲು. ಕಿತ್ತು ಬಿಸಾಕಿ ಕೆಳಗಿನದನ್ನು ತಿಂದೆವು, ಅಂದರೆ ತಿಂದೆ. ಮೂರನೇ ಸಲ ಮೊದಲ 25 ನಿಮಿಷ ಫಾಯಿಲ್ ಮುಚ್ಚಿ, ಟ್ರೇಯನ್ನು ಕೆಳಗಿನ ಸಾಲಿಗೆ ಇಳಿಸಿದೆ. ಚೆನ್ನಾಗಿ ಬಂತು, ಬಾಂದ್ರಾದ್ದಕ್ಕಿಂತ ಒಂದು ಕೂದಲು ಕಮ್ಮಿ. ನಾಲ್ಕು ಜನಕ್ಕೆ ಸುಮಾರು 900 ರೂಪಾಯಿ ಖರ್ಚು, ಜೊತೆಗೆ ಇಡೀ ಭಾನುವಾರ, ಅದೂ ಮುಂಬೈ ಸೆಕೆಯಲ್ಲಿ ಗಾಳಿ ಆಡದ ಅಡುಗೆಮನೆ. ವರ್ಷಕ್ಕೆ ಎರಡು ಸಲ ಮಾಡಬಹುದು.

ಕೊನೆಗೆ ಸಿಕ್ಕಿದ್ದು ಮುಂಬೈನದೇ ವಾಕೋಲಾದಲ್ಲಿ. ಆಫೀಸಿನ ಕೊಂಕಣಿ ಗೆಳೆಯನೊಬ್ಬ ಹೇಳಿದ, ಅವರ ಚರ್ಚಿನ ಆಂಟಿಯೊಬ್ಬರು ಮನೆಯಲ್ಲೇ ಮಾಡಿಕೊಡುತ್ತಾರೆ ಅಂತ. ಮಂಗಳೂರು ಮೂಲ, ಮುಂಬೈಗೆ ಬಂದು ನಲವತ್ತು ವರ್ಷ ಆದರೂ ಕನ್ನಡ ಇನ್ನೂ ಹಂಪನಕಟ್ಟೆಯ ಕನ್ನಡವೇ. ಬುಧವಾರದ ಒಳಗೆ ಹೇಳಬೇಕು, ಶನಿವಾರ ಹೋಗಿ ತರಬೇಕು. ಒಂದು ಕಿಲೋದ ಫಾಯಿಲ್ ಟ್ರೇ, 850 ರೂಪಾಯಿ, ಮೂರು ಜನಕ್ಕೆ ಹೊಟ್ಟೆ ತುಂಬ.

ಬಾಂದ್ರಾದ್ದನ್ನು, ಇದನ್ನು ಪಕ್ಕಪಕ್ಕ ಇಟ್ಟು ಹೇಳುತ್ತೇನೆ. ಹಾಳೆ ಬಾಂದ್ರಾದ್ದೇ ಮೇಲು, ಆಂಟಿಯದು ಪ್ಯಾಕೆಟ್ಟಿನ ಒಣ ಹಾಳೆ. ಆದರೆ ಅವರು ಅದನ್ನು ಬೆಶಮೆಲ್‌ನಲ್ಲೇ ಚೆನ್ನಾಗಿ ನೆನೆಯಲು ಬಿಡುವುದರಿಂದ ಗಟ್ಟಿ ಅನ್ನಿಸುವುದಿಲ್ಲ. ಖೀಮಾ ಎಮ್ಮೆಯದು, ಕುರಿಯ ವಾಸನೆಯ ರಗಳೆ ಇಲ್ಲ. ಚೀಸು ಮೇಲೊಂದು ತೆಳು ಪರದೆಯಷ್ಟೇ, ಅದೂ 'ಮಕ್ಕಳು ಕೇಳ್ತಾರೆ' ಅಂತ. ಗುಟ್ಟು ಇರುವುದು ಬೇರೆ ಕಡೆ. ಶುಕ್ರವಾರ ರಾತ್ರಿಯೇ ಬೇಯಿಸಿ, ತಣಿಸಿ, ಫ್ರಿಜ್ಜಿನಲ್ಲಿಟ್ಟು, ಶನಿವಾರ ಮತ್ತೆ ಬಿಸಿ ಮಾಡಿ ಕೊಡುತ್ತಾರೆ. ಕೊಯ್ದರೆ ಪದರ ಪದರವಾಗಿ ನಿಲ್ಲುತ್ತದೆ, ರಸ ಎಲ್ಲ ಹಾಳೆ ಒಳಗೆ ಇಳಿದಿರುತ್ತದೆ. ಇದನ್ನು ಎಲ್ಲಿ ಕಲಿತಿರಿ ಅಂತ ಕೇಳಿದೆ. 'ಕಲಿಯೋದೆಂತ, ಪತ್ರೊಡೆ ಮರುದಿನ ಕಾವಲಿ ಮೇಲೆ ಹಾಕಿದ್ರೆ ಅಲ್ವಾ ರುಚಿ' ಅಂದರು. ನಾನು ಪತ್ರೊಡೆಯ ಸುದ್ದಿಯನ್ನೇ ಎತ್ತಿರಲಿಲ್ಲ, ಆಣೆ!

ತಕರಾರು ಒಂದೇ. ಕೈ ಮಂಗಳೂರಿನದು ನೋಡಿ, ಕಾಳುಮೆಣಸು ಜಾಸ್ತಿ ಬೀಳುತ್ತದೆ. ಎರಡನೇ ತುಂಡಿಗೆ ಮೂಗಲ್ಲಿ ನೀರು.

ಶಿರಸಿಯವನಿಗೆ ಅವರು ಬದನೆ, ಅಣಬೆ ಹಾಕಿ ಮೊಟ್ಟೆ ಇಲ್ಲದ ಹಾಳೆಯಲ್ಲಿ ಬೇರೆ ಟ್ರೇ ಮಾಡಿಕೊಡುತ್ತಾರೆ, 700 ರೂಪಾಯಿ. ಅದೂ ಚೆನ್ನಾಗಿದೆ, ಬದನೆಯನ್ನು ಮೊದಲು ಹುರಿದಿರುತ್ತಾರೆ. ಅವನು ಮಾತ್ರ ಘಾಟ್ಕೋಪರಿನ ಬಾಳೆಕಾಯಿಯದೇ ಮೇಲು ಅಂತ ಈಗಲೂ ವಾದ ಮಾಡುತ್ತಾನೆ, ಟ್ರೇ ಖಾಲಿ ಮಾಡುತ್ತಲೇ. ಮುಂದಿನ ಶನಿವಾರಕ್ಕೆ ಎರಡೂ ಹೇಳಿದ್ದೇವೆ. ಮೆಣಸು ಸ್ವಲ್ಪ ಕಮ್ಮಿ ಹಾಕಿ ಆಂಟಿ ಅಂದೆ. 'ಆಯ್ತು ಮಗಾ' ಅಂದರು. ಪ್ರತಿ ಸಲವೂ ಹಾಗೇ ಅನ್ನುತ್ತಾರೆ.