ಹಳೆಯ ಥಿಯೋಡೊಲೈಟ್ ಕೊಳ್ಳುವವರೇ, ದಯವಿಟ್ಟು ಓದಿ

ನನಗೆ ನಕಲಿ ಥಿಯೋಡೊಲೈಟ್ (ಸರ್ವೆಯಲ್ಲಿ ಕೋನ ಅಳೆಯುವ ದುರ್ಬೀನಿನ ಉಪಕರಣ) ಮಾರಿದ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಂದು ಬೆಳಿಗ್ಗೆ ಅಂಥದ್ದೇ ಇನ್ನೊಂದು ನಿಂತಿತ್ತು. ಅದೇ ಫಲಕ, ಅದೇ ಇಸವಿ. ಇನ್ನು ಸುಮ್ಮನಿರಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ನೀರಾವರಿ ಇಲಾಖೆಯಲ್ಲಿದ್ದು ಮೂವತ್ತು ವರ್ಷ ಕಾಲುವೆ ಸರ್ವೆ ಮಾಡಿದವರು. ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ವರ್ನಿಯರ್ (ಕೋನದ ಸಣ್ಣ ಭಾಗಗಳನ್ನು ಓದುವ ಪುಟ್ಟ ಅಳತೆಪಟ್ಟಿ) ಇರುವ ಹಳೆಯ ಥಿಯೋಡೊಲೈಟ್ ಕೊಡಬೇಕೆಂಬುದು ನನ್ನ ಬಹುದಿನದ ಆಸೆ. "ಮೈಸೂರು ಸಂಸ್ಥಾನದ ಇಂಜಿನಿಯರೊಬ್ಬರ ಮನೆಯಿಂದ ಬಂದದ್ದು ಸರ್" ಎಂದ ವ್ಯಾಪಾರಿ. ಫಲಕದಲ್ಲಿ "ಕುಕ್, ಟ್ರೌಟನ್ ಅಂಡ್ ಸಿಮ್ಸ್, ಲಂಡನ್, 1885" ಎಂದಿತ್ತು. 38,000 ರೂಪಾಯಿ ಎಣಿಸಿ ಕೊಟ್ಟೆ. ನಾನು ಸಿವಿಲ್ ಇಂಜಿನಿಯರ್. ಹೇಳಲು ನಾಚಿಕೆಯಾಗುತ್ತದೆ, ಅಂಗಡಿಯಲ್ಲಿ ಒಮ್ಮೆ ದುರ್ಬೀನಿಗೆ ಕಣ್ಣಿಟ್ಟು ಸಹ ನೋಡಲಿಲ್ಲ.

ಅಪ್ಪ ಪೆಟ್ಟಿಗೆ ತೆರೆದವರೇ ಭೂತಗನ್ನಡಿ ತರಿಸಿಕೊಂಡು ವರ್ನಿಯರ್ ಮೇಲೆ ಬಗ್ಗಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲಗೆ, "ಎಲ್ಲ ಗೆರೆಗಳೂ ಕೂಡುತ್ತಿವೆಯಲ್ಲೋ" ಎಂದರು. 20 ಸೆಕೆಂಡಿನಷ್ಟು (ಸೆಕೆಂಡು ಎಂದರೆ ಇಲ್ಲಿ ಡಿಗ್ರಿಯ 3600ನೇ ಒಂದು ಭಾಗ) ಸಣ್ಣ ಕೋನ ತೋರಿಸುವ ವರ್ನಿಯರ್‌ನಲ್ಲಿ, ಕೋನದ ಗೆರೆಗಳಿರುವ ವೃತ್ತದ 59 ಮನೆಗಳ ಜಾಗವನ್ನು 60 ಮನೆ ಮಾಡಿರುತ್ತಾರೆ. ವರ್ನಿಯರ್‌ನ ಯಾವ ಗೆರೆ ವೃತ್ತದ ಗೆರೆಗೆ ಕೂಡಿತು ಎಂಬುದರಿಂದಲೇ ಕೋನ ಓದುವುದು. ಇಲ್ಲಿ ಎರಡೂ ಕಡೆ ಒಂದೇ ಅಂತರದ ಗೆರೆ ಕೊರೆದಿದ್ದಾರೆ. ಅದು ಏನನ್ನೂ ಅಳೆಯುವುದಿಲ್ಲ. ಏನನ್ನೂ! ದುರ್ಬೀನಿನ ಒಳಗೆ ಗುರಿ ಹಿಡಿಯುವ ಕ್ರಾಸ್‌ಹೇರ್ ಎಳೆಗಳಿಲ್ಲ. ಮಗುಚಿದರೆ ತಳದಲ್ಲಿ ಪ್ಲಸ್ ತಲೆಯ ಸ್ಕ್ರೂಗಳು. ಅವು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಇನ್ನು ಆ ಫಲಕ: ಕುಕ್ ಕಂಪನಿಯೂ ಟ್ರೌಟನ್ ಅಂಡ್ ಸಿಮ್ಸ್ ಕಂಪನಿಯೂ ಒಂದಾದದ್ದು 1922ರಲ್ಲಿ. 1885ರಲ್ಲಿ ಆ ಹೆಸರೇ ಇರಲಿಲ್ಲ.

"ಹೋಗಲಿ ಬಿಡು, ಚೆನ್ನಾಗಿ ಹೊಳೆಯುತ್ತದೆ" ಎಂದರು ಅಪ್ಪ. ನನಗೆ ಅವರ ಮುಖ ನೋಡಲಾಗಲಿಲ್ಲ.

ವ್ಯಾಪಾರಿಗೆ ಫೋನ್ ಮಾಡಿದೆ. "ಹಳೆಯ ಸಾಮಾನಿಗೆ ಗ್ಯಾರಂಟಿ ಇರುವುದಿಲ್ಲ ಸರ್." ಅದು ಹಳೆಯದೇ ಅಲ್ಲವಲ್ಲ ಎಂದೆ. "ಫಲಕದಲ್ಲಿ ಇದ್ದದ್ದನ್ನು ಓದಿ ಹೇಳಿದೆ ಅಷ್ಟೇ." ಹಾಗಾದರೆ ಸಂಸ್ಥಾನದ ಇಂಜಿನಿಯರ ಮನೆ? "ನಮಗೆ ಕೊಟ್ಟವರು ಹೇಳಿದ್ದು." ಕೊನೆಗೆ, "ನೀವೇ ಇಂಜಿನಿಯರ್, ಕೈಯಾರೆ ಮುಟ್ಟಿ ನೋಡಿಯೇ ಒಯ್ದಿರಲ್ಲ ಸರ್?" ಈ ಮಾತು ಈಗಲೂ ಎದೆಯಲ್ಲಿ ಉರಿಯುತ್ತಿದೆ. ನಂಬಿ ಬಂದವನಿಗೆ ಹೇಳುವ ಮಾತೇ ಇದು?

ರಸೀದಿ ಹುಡುಕಿ ತೆಗೆದೆ. "ಹಿತ್ತಾಳೆಯ ಅಲಂಕಾರಿಕ ವಸ್ತು, 1" ಎಂದು ಬರೆದಿದೆ. ಬಾಯಲ್ಲಿ ಸಂಸ್ಥಾನದ ಕಥೆ, ಕೈಯಲ್ಲಿ ಈ ಬರಹ! ಅಂದರೆ ಅವನಿಗೆ ಮೊದಲೇ ಗೊತ್ತಿತ್ತು. ಉತ್ತರಾಖಂಡದ ರೂರ್ಕಿಯ ಕಡೆ ಇಂಥ ಹಿತ್ತಾಳೆ ನಕಲುಗಳು ರಾಶಿಗಟ್ಟಲೆ ತಯಾರಾಗುತ್ತವೆ. ಅಲಂಕಾರಕ್ಕೆಂದೇ ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ. ಕಥೆ ಕಟ್ಟಿ ಮಾರುವುದು ಮೋಸ, ಶುದ್ಧ ಮೋಸ.

ಭೂತಗನ್ನಡಿ ಜೇಬಿನಲ್ಲಿರಲಿ. ವರ್ನಿಯರ್ ನೋಡಿ, ಸ್ಕ್ರೂ ನೋಡಿ. ಅಸಲಿ ಎಂದು ರಸೀದಿಯಲ್ಲಿ ಬರೆದುಕೊಡದವನ ಅಂಗಡಿಯಿಂದ ಎದ್ದು ಬನ್ನಿ.

ಹಣ ಕೇಳಲು ಇವತ್ತು ಮತ್ತೆ ಫೋನ್ ಮಾಡಿದೆ. ಎತ್ತುತ್ತಿಲ್ಲ.